ಮುಂಗೈಗೆ ಮೂವತ್ತೊಂದು ಗ್ರಾಂ

ಶಹಾಬಾದಿನ ಆ ಪಾಲಿಶ್ ಕಾರ್ಖಾನೆಗೆ ನಾನು ಮೊದಲ ಸಲ ಹೋದದ್ದು ಅದೇ ಊರಿನಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಮೇಜುಗಳಿಗೆ ಕಲ್ಲು ಆರಿಸಲು. ಪೇಜರ್‌ಗಳು ಮೂಲೆ ಸೇರಿದ್ದವು, ಮೊಬೈಲ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಮಾರ್ಚ್ ತಿಂಗಳ ಮೊದಲ ವಾರ. ಮಾಲಕರು ಒಂದೊಂದೇ ಹಾಸುಗಲ್ಲಿಗೆ ನೀರು ಚಿಮುಕಿಸಿ ಬಣ್ಣ ತೋರಿಸುತ್ತಿದ್ದರು. ಅವರ ಹಿಂದೆ ಮೇಸ್ತ್ರಿಯೊಬ್ಬರು ನೆಲದ ಮೇಲೆ ಕೂತು ಕೈಯಂತ್ರದಿಂದ ಕಲ್ಲಿನ ಅಂಚು ತಿಕ್ಕುತ್ತಿದ್ದರು. ಕತ್ತರಿಸುವ ಯಂತ್ರದ ಕಡೆಯಿಂದ ಇಬ್ಬರು ಆಳುಗಳು, ನಿಲ್ಲಿಸಿ ಕಟ್ಟಿದ ಹಾಸುಗಲ್ಲಿನ ಗಾಡಿಯನ್ನು ತಳ್ಳಿಕೊಂಡು ಬಂದರು. ತಿರುವಿಗೆ ಬರುವ ಮೊದಲು ಸೀಟಿ ಊದಿದರು. ನಾನು ಸರಿದೆ, ಮಾಲಕರೂ ಸರಿದರು. ಮೇಸ್ತ್ರಿ ಸರಿಯಲಿಲ್ಲ. ಕಲ್ಲಿನ ಮೂಲೆ ಅವರ ಹೆಗಲಿನಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ತಮ್ಮ ಕೈಯ ಮೇಲೆ ನೆರಳು ಬಿದ್ದ ಮೇಲೆ ಅವರು ತಲೆಯೆತ್ತಿದರು.

“ಮಶೀನ್ ಮುಂದ ಕುಂತು ಕುಂತು ಕಿವಿ ಹೋಗ್ಯಾವ್ರಿ,” ಎಂದರು ಮಾಲಕರು. “ಕೈ ಮಾತ್ರ ಬಂಗಾರ. ಆದ್ರ ಹಿಂಗ ಎಷ್ಟ ದಿನ ನಡೀತದ? ಮಳಿಗಾಲಕ್ಕ ಗಾಡಿಗಿ ಹಳಿ ಹಾಕಸ್ಲಿಕತ್ತೀನಿ. ಆಮ್ಯಾಲ ಗಾಡಿ ಇನ್ನೂ ಜೋರ್ ಬರ್ತಾವ. ಇವರನ್ನ ಗೇಟಿಗಿ ಕುಂದ್ರಸ್ತೀನಿ.”

ಮೇಸ್ತ್ರಿ ಮಾಲಕರ ತುಟಿಯನ್ನೇ ನೋಡುತ್ತಿದ್ದರು. “ನಾ ಕಲ್ಲಿನ ಮುಂದ ಕುಂದ್ರಾಂವ,” ಎಂದರು, ಇಡೀ ಕಾರ್ಖಾನೆಗೆ ಕೇಳುವಷ್ಟು ಜೋರಾಗಿ. “ಗೇಟಿನ ಮುಂದ ನಾಯಿ ಕುಂದರ್ತದ.”

ಆಳುಗಳು ನಕ್ಕರು. ಮೇಸ್ತ್ರಿ ನಗಲಿಲ್ಲ.

ನಾನು ಹೆಚ್ಚು ಮಾತಾಡುವವಳಲ್ಲ. ಅಂದು ಕಲ್ಲಿನ ಅಳತೆ ಬರೆದುಕೊಟ್ಟು ಬಂದುಬಿಟ್ಟೆ. ಸೇಡಮ್ಮಿನ ನಮ್ಮ ಮನೆಗೆ ಹೋಗಲು ವಾಡಿಯಲ್ಲಿ ರೈಲು ಬದಲಿಸಬೇಕು. ಅಲ್ಲಿ ಕಾಯುವ ಸಮಯದಲ್ಲಿ ಕೆಟ್ಟ ಪೇಜರೊಂದರ ನೆನಪಾಯಿತು. ಅದರೊಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಮೋಟರು ಇರುತ್ತದೆ. ತಿರುಗಿದರೆ ಇಡೀ ಪೇಜರು ನಡುಗುತ್ತದೆ. ಮರುವಾರ ಒಂದು ಪುಟ ಬರೆದು ಮಾಲಕರಿಗೆ ಕೊಟ್ಟೆ: ಗಾಡಿ ಹೊರಡುವ ಮೊದಲು ಅದರ ಬಳಿ ಗುಂಡಿ ಒತ್ತುವುದು, ಮೇಸ್ತ್ರಿಯ ಮುಂಗೈಗೆ ಕಟ್ಟಿದ ಡಬ್ಬಿ ನಡುಗುವುದು.

“ಆಗ್ತದಂದ್ರ ಮಾಡ್ರಿ ಮೇಡಂ,” ಎಂದರು ಅವರು. “ಮಳಿ ಬರೂತನಕ ಟೈಮ್ ಅದ. ನನಗ ಭರೋಸಾ ಬಂದ್ರ ಮೇಸ್ತ್ರಿ ಇಲ್ಲೇ. ಇಲ್ಲಂದ್ರ ಗೇಟ್.”

ನಿಸ್ತಂತು ಕರೆಗಂಟೆಯಲ್ಲಿ ಇರುವಂಥ ರೇಡಿಯೋ ಗ್ರಾಹಕವನ್ನು ಜೋಡಿಸಲು ಎರಡು ವಾರ ಸಾಕಾಯಿತು. ಉಳಿದದ್ದು ಬ್ಯಾಟರಿ ಆರಿಸುವ ಕೆಲಸ, ಒಂದು ಸಂಜೆಯದು ಎಂದುಕೊಂಡಿದ್ದೆ.

ಮೊದಲು ಗೊತ್ತಾಗಬೇಕಿದ್ದದ್ದು, ಎಷ್ಟು ಭಾರ ಹೊರಿಸಬಹುದು ಎಂಬುದು. ಮೇಸ್ತ್ರಿಯೊಡನೆ ಮಾತಾಡುವ ಕ್ರಮ ಹೀಗಿತ್ತು: ನಾನು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಬರೆಯುವುದು, ಅವರು ಓದಿ, ಒದ್ದೆ ಸ್ಪಂಜಿನಿಂದ ಒರೆಸಿ, ಬಾಯಿಂದ ಉತ್ತರ ಹೇಳುವುದು. ನನ್ನ ಪ್ರಶ್ನೆ ಯಾರಿಗೂ ಕಾಣುತ್ತಿರಲಿಲ್ಲ. ಅವರ ಉತ್ತರ ಎಲ್ಲರಿಗೂ ಕೇಳುತ್ತಿತ್ತು. ಅವರ ಎಡ ಮುಂಗೈಗೆ ಬಟ್ಟೆಯ ಪಟ್ಟಿ ಕಟ್ಟಿ, ಅದರ ಜೇಬಿಗೆ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಪ್ರತಿ ಸಲ ಅವರು ಕಾಲು ಗಂಟೆ ಅಂಚು ತಿಕ್ಕಿ ನೋಡಿದರು. ಆರನೆಯ ಚೂರಿಗೆ ಕೈ ನಿಂತಿತು.

“ಸಾಕ್ರಿ. ಇನ್ನ ಹಾಕಿದ್ರ ಅಂಚು ನನ್ನ ಮಾತ ಕೇಳಂಗಿಲ್ಲ.”

ಅವರು ಸಾಕೆಂದ ಆ ಆರು ಚೂರುಗಳನ್ನೂ ಪಟ್ಟಿಯನ್ನೂ ರಸಾಯನಶಾಸ್ತ್ರ ವಿಭಾಗದ ತಕ್ಕಡಿಯಲ್ಲಿ ತೂಗಿದೆ. ಮೂವತ್ತೊಂದು ಗ್ರಾಂ. ನನ್ನ ಡಬ್ಬಿ, ಮೋಟರು, ಸರ್ಕ್ಯೂಟು, ಪಟ್ಟಿ ಸೇರಿ ಇಪ್ಪತ್ತೆರಡು. ಬ್ಯಾಟರಿಗೆ ಉಳಿದದ್ದು ಒಂಬತ್ತು ಗ್ರಾಂ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಒಂದೇ ನಲವತ್ತೈದು ಗ್ರಾಂ. ಅಂಗಡಿಯ ಸಣ್ಣ ಪೆನ್ಸಿಲ್ ಸೆಲ್ ಎರಡು ಬೇಕು, ಅವು ಇಪ್ಪತ್ತು ಗ್ರಾಂ. ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದೆ. ಉಳಿದದ್ದು ಕ್ಯಾಲ್ಕ್ಯುಲೇಟರಿನ ಗುಂಡಿ ಸೆಲ್. ಮೂರೇ ಗ್ರಾಂ, ಮೂರು ವೋಲ್ಟು. ಲೆಕ್ಕದ ಪ್ರಕಾರ ಆರು ದಿನ ಬರಬೇಕು. ಇಷ್ಟು ಸುಲಭವಾಗಿ ಸಿಕ್ಕಿತೇ ಎಂದು ಅನುಮಾನವೂ ಬರಲಿಲ್ಲ, ಸೆಲ್ ಹಾಕಿ ಮೋಟರು ತಿರುಗಿಸಿ ನೋಡಲೂ ಇಲ್ಲ.

ಮಾಲಕರ ಮುಂದೆ ಪರೀಕ್ಷೆ ನಡೆಯಿತು. ನಡುಗಿದಾಗ ಮೇಸ್ತ್ರಿ ಕೈ ಎತ್ತಬೇಕು. ಮಾಲಕರು ಹತ್ತು ಸಲ ಗುಂಡಿ ಒತ್ತಿದರು. ಮೇಸ್ತ್ರಿ ಹತ್ತು ಸಲ ಕೈ ಎತ್ತಿದರು. “ಪಾಸ್,” ಎಂದರು ಮಾಲಕರು.

ಸಂಜೆ ಕಾಲೇಜಿನಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ಮೋಟರು ತಿರುಗಲಿಲ್ಲ. ಸೆಲ್ಲಿಗೆ ಮೀಟರ್ ಹಚ್ಚಿದೆ. ಸರಿಯಾಗಿ ಮೂರು ವೋಲ್ಟು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಮೋಟರು ಬದಲಿಸಿದೆ, ಹೊಸ ಸೆಲ್ ಹಾಕಿದೆ. ಮೋಟರು ಒಮ್ಮೆ ಮಿಸುಕಿ ನಿಂತಿತು. ಡಬ್ಬಿ ಸತ್ತಿದೆ ಅನ್ನುತ್ತಿತ್ತು, ಮೀಟರು ಬದುಕಿದೆ ಅನ್ನುತ್ತಿತ್ತು, ಮೇಸ್ತ್ರಿ ಹತ್ತಕ್ಕೆ ಹತ್ತು ಅನ್ನುತ್ತಿದ್ದರು. ಯಾರನ್ನು ನಂಬಬೇಕೆಂದು ತಿಳಿಯದೆ ನಾಲ್ಕು ದಿನ ಕಳೆದೆ.

ಅರ್ಧ ಉತ್ತರ ಸಿಕ್ಕಿದ್ದು ವಾಡಿ ಸ್ಟೇಷನ್ನಿನ ಹೊರಗಿನ ರೇಡಿಯೋ ರಿಪೇರಿಯವರಿಂದ. ಬೆಸುಗೆಯ ತಂತಿ ಕೊಳ್ಳಲು ಹೋದವಳು ಮೀಟರಿನ ಸಂಗತಿಯನ್ನು ಹೇಳಿದೆ. ಅವರು ತಲೆ ಎತ್ತಲೂ ಇಲ್ಲ.

“ಖಾಲಿ ಮೀಟರ್ ಹಚ್ಚಿದ್ರ ಎಲ್ಲಾ ಸೆಲ್ ಶಾಣ್ಯಾನೇ ಇರ್ತಾವ, ಬೇಟಾ. ಮೊದಲ ಕೆಲಸಾ ಕೊಡ್ರಿ, ಕೆಲಸಾ ಮಾಡ್ಬೇಕಾದ್ರ ಅಳೀರಿ. ಅದರಾಗ ದಮ್ ಎಷ್ಟದ ಅಂತ ಆವಾಗ ಗೊತ್ತಾಗ್ತದ.”

ಸೆಲ್ಲಿನ ಒಳರೋಧದ ಪಾಠವನ್ನು ನಾನು ಹಿಂದಿನ ವಾರವೇ ಎರಡನೆಯ ವರ್ಷದವರಿಗೆ ಮಾಡಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ. ಮೋಟರನ್ನು ಜೋಡಿಸಿಯೇ ಅಳೆದಾಗ ಮೂರು ವೋಲ್ಟು ಒಂದೂಕಾಲಿಗೆ ಕುಸಿಯಿತು. ಗುಂಡಿ ಸೆಲ್ ದಿನಗಟ್ಟಲೆ ಹನಿ ಹನಿಯಾಗಿ ಕೊಡಬಲ್ಲದು. ಒಂದೇ ಸಲಕ್ಕೆ ಕೇಳಿದರೆ ಕೊಡಲಾರದು.

ಹಾಗಾದರೆ ಕೈ ಎತ್ತಿದ್ದು ಹೇಗೆ? ಮೇಸ್ತ್ರಿಯ ಮುಂದೆ ಕಲ್ಲಿನ ಮೇಲೆ ಬರೆದೆ: ‘ಅಂದು ನಡುಕ ತಿಳಿದಿತ್ತೆ?’ ಅವರು ಅದನ್ನು ತಕ್ಷಣ ಒರೆಸಿದರು. ಆಮೇಲೆ ತಮಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದರು.

“ಮಾಲಕರು ಗುಂಡಿ ಒತ್ತಬೇಕಾದ್ರ ಹುಬ್ಬ ಏರಸ್ತಾರ್ರಿ. ಅದನ್ನ ನೋಡಿ ಎತ್ತೀನಿ. ಯಾರಿಗೂ ಹೇಳಬ್ಯಾಡ್ರಿ.”

ಹೇಳಲಿಲ್ಲ. ಸೆಲ್ ಬದಲಿಸಬೇಕಾಗಿದೆ, ಪರೀಕ್ಷೆಯನ್ನು ಹೊಸದಾಗಿ ಮಾಡೋಣ ಎಂದಷ್ಟೇ ಮಾಲಕರಿಗೆ ತಿಳಿಸಿದೆ. ಅಂದಿನಿಂದ ಪ್ರತಿ ಪರೀಕ್ಷೆಗೂ ಮೇಸ್ತ್ರಿ ಗೋಡೆಯ ಕಡೆ ಮುಖಮಾಡಿ ಕೂರಬೇಕೆಂದು ನಿಯಮ ಮಾಡಿದೆ.

ಏಪ್ರಿಲಿನಲ್ಲಿ ಹೈದರಾಬಾದಿನಿಂದ ನಿಕಲ್ ಸೆಲ್ ತರಿಸಿದೆ. ತಂತಿಯಿಲ್ಲದ ಫೋನುಗಳಲ್ಲಿ ಹಾಕುವಂಥವು, ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸಬಹುದಾದವು. ಮೂರು ಪುಟ್ಟ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ್ದು, ಎಂಟೂವರೆ ಗ್ರಾಂ. ದಮ್ಮೂ ಇತ್ತು. ಒಂದು ರಾತ್ರಿ ಚಾರ್ಜ್ ಮಾಡಿದರೆ ಹನ್ನೆರಡು ಗಂಟೆ ನಡೆಯಬೇಕು. ಮೇಸ್ತ್ರಿಯ ಕೆಲಸದ ಹೊತ್ತು ಒಂಬತ್ತು ಗಂಟೆ. ಭಂಕೂರಿನ ಅವರ ಮನೆಗೆ ಒಂದು ಚಾರ್ಜರ್ ಮಾಡಿಕೊಟ್ಟೆ. ಮಾಲಕರು ದಿನಕ್ಕೆ ಮೂರು ಸಲ, ಮುಂಜಾನೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಗುಂಡಿ ಒತ್ತುವುದು. ಮೇಸ್ತ್ರಿ ರಟ್ಟಿನ ಕಾರ್ಡಿನ ಮೇಲೆ ಸರಿ ಅಥವಾ ತಪ್ಪು ಗುರುತು ಹಾಕುವುದು.

ಮೊದಲ ಮೂರು ದಿನ ಎಲ್ಲ ಸರಿ. ನಾಲ್ಕನೆಯ ದಿನ ನಾಲ್ಕು ಗಂಟೆಯದು ತಪ್ಪು. ಐದನೆಯ ದಿನ ಸರಿ. ಆಮೇಲೆ ಎರಡು ತಪ್ಪು, ಒಂದು ಸರಿ, ಮೂರು ತಪ್ಪು. ಮುಂಜಾನೆಯ ಸಾಲಿನಲ್ಲಿ ಒಂದು ತಪ್ಪೂ ಇಲ್ಲ, ಹನ್ನೆರಡರ ಸಾಲಿನಲ್ಲಿಯೂ ಇಲ್ಲ. ನಾನು ಕಾರ್ಖಾನೆಯ ಬಾಗಿಲು ದಾಟುವ ಮೊದಲೇ ಫಲಿತಾಂಶ ಕೇಳಿಸುತ್ತಿತ್ತು: “ಮೇಡಮ್ಮಾರ ಸೆಲ್ ಮತ್ತ ಸತ್ತದ ನೋಡ್ರಪಾ.”

ರಾತ್ರಿ ಕರೆಂಟು ಹೋಗಿ ಚಾರ್ಜ್ ಅರ್ಧಕ್ಕೆ ನಿಲ್ಲುತ್ತಿರಬಹುದು ಎಂದುಕೊಂಡೆ. ಕರೆಂಟಿನ ಹೊತ್ತನ್ನೂ ಬರೆಸಿದೆ. ರಾತ್ರಿಯಿಡೀ ಕರೆಂಟು ಇದ್ದ ದಿನವೂ ಸತ್ತಿತ್ತು, ಅರ್ಧ ರಾತ್ರಿ ಇಲ್ಲದ ದಿನ ಬದುಕಿತ್ತು. ಕಲ್ಲಿನ ರಾಡಿ ಒಳಹೋಗುತ್ತಿದೆಯೆಂದು ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಹಾಕಿದೆ. ವ್ಯತ್ಯಾಸವಾಗಲಿಲ್ಲ. ಮೂರನೆಯ ವಾರ ಸೆಲ್ಲಿನ ಅಂಚಿಗೆ ಬಿಳಿ ಪುಡಿ ಕಂಡಿತು. ಕೆಟ್ಟ ಮಾಲು ಎಂದುಕೊಂಡು ಬೇರೆ ಅಂಗಡಿಯದನ್ನು ತರಿಸಿದೆ. ಹತ್ತು ದಿನಕ್ಕೆ ಅದಕ್ಕೂ ಬಿಳಿ ಪುಡಿ ಬಂತು. ಇನ್ನೊಂದು ಜೋಡಣೆಯನ್ನು ನನ್ನದೇ ಕೈಗೆ ಕಟ್ಟಿಕೊಂಡು ಮೂರು ದಿನ ಸೇಡಂ, ವಾಡಿ, ಶಹಾಬಾದ ಓಡಾಡಿದೆ. ಬಟ್ಟೆಯ ತೋಳಿನ ಕೆಳಗೆ ಉಬ್ಬಿದ್ದನ್ನು ನೋಡಿ ಅವ್ವ ಏನೆಂದು ಕೇಳಿದಾಗ ಗಡಿಯಾರ ಎಂದೆ. ನನ್ನ ಕೈಯಲ್ಲಿ ಅದು ಒಮ್ಮೆಯೂ ಸಾಯಲಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು, ಗೊಂದಲ ಹೆಚ್ಚಿತು. ಒಂದೇ ಸರ್ಕ್ಯೂಟು, ಒಂದೇ ಮಾಲು, ಒಂದೇ ಬೇಸಿಗೆ.

ಮೇ ತಿಂಗಳ ಮಧ್ಯಕ್ಕೆ ಕಾರ್ಖಾನೆಯಲ್ಲಿ ಹಳಿ ಹಾಸುವ ಕೆಲಸ ಶುರುವಾಯಿತು. ಗೇಟಿನ ಬಳಿ ಒಂದು ಹೊಸ ಕುರ್ಚಿಯೂ ಬಂದಿತ್ತು.

“ಗುಂಡಿ ಒತ್ತಿ ಒತ್ತಿ ನನಗ ಜಪಾ ಮಾಡಿದ್ಹಂಗ ಆಗ್ಯಾದ ಮೇಡಂ,” ಎಂದರು ಮಾಲಕರು. “ದೇವರು ಯಾವಾಗ ಒಲೀತಾನ ಹೇಳ್ರಿ.”

ಮೇಸ್ತ್ರಿ ನನ್ನನ್ನು ಕರೆದು ಕಾರ್ಡು ತೋರಿಸಿದರು. ಆ ವಾರದ ಆರೂ ದಿನ, ಮೂರೂ ಸಾಲು ಸರಿ. ಹಳೆಯ ಚಾಳಿಯೇ ಎಂದು ಅವರ ಮುಖ ನೋಡಿದೆ. ಅವರಿಗೆ ಅರ್ಥವಾಯಿತು. “ಖರೇನೇ ಅದರಿ. ಗ್ವಾಡಿ ಕಡಿ ಮಾರಿ ಮಾಡೇ ಕುಂತೀನಿ, ಕೇಳ್ರಿ ಅವರಿಗಿ.”

ಕಲ್ಲಿನ ಮೇಲೆ ಬರೆದೆ: ‘ಈ ವಾರ ಬೇರೆ ಏನು ಮಾಡಿದಿರಿ?’

ಅವರು ಓದಿ ಒರೆಸಿದರು. “ಊಟಾ ಒಂದೇ ಬ್ಯಾರೆ. ಮನ್ಯಾಕಿ ತವರಿಗಿ ಹೋಗ್ಯಾಳ, ಕೊಡ್ಲಿ ಊರಿಗಿ. ಮಧ್ಯಾಹ್ನ ಮನಿಗಿ ಹೋಗಿಲ್ಲ. ಇಲ್ಲೇ ಖಾನಾವಳಿ ರೊಟ್ಟಿ ತಿಂದೀನಿ. ಚಮಡಾ ಇದ್ಹಂಗ ಇರ್ತಾವ್ರಿ.”

ಬೇಸಿಗೆಯಲ್ಲಿ ಕಾರ್ಖಾನೆ ಮಧ್ಯಾಹ್ನ ಎರಡೂವರೆ ಗಂಟೆ ನಿಲ್ಲುತ್ತದೆ. ಮೇಸ್ತ್ರಿ ಸೈಕಲ್ ಮೇಲೆ ಮನೆಗೆ ಹೋಗಿ ಉಂಡು ಮಲಗಿ ಬರುತ್ತಾರೆ. ನನಗೆ ಇದು ಗೊತ್ತಿತ್ತು. ಕರೆಂಟು, ಕೆಸರು, ಧೂಳು ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಕಾಲಂ ಇತ್ತು, ಊಟಕ್ಕೆ ಇರಲಿಲ್ಲ. ರೊಟ್ಟಿಗೂ ನಿಕಲ್ ಸೆಲ್ಲಿಗೂ ಏನು ಸಂಬಂಧವೆಂದು ಯೋಚಿಸುತ್ತ, ನನ್ನ ಬಗ್ಗೆಯೇ ನಾಚಿಕೆಪಡುತ್ತ ಒಂದು ಗೆರೆ ಎಳೆದು ಮೇಲೆ ‘ಊಟ’ ಎಂದು ಬರೆದೆ.

ಅವರ ಹೆಂಡತಿ ಮರಳಿದ ಮೇಲಿನ ಸೋಮವಾರ, ಮಧ್ಯಾಹ್ನ ಒಂದು ಗಂಟೆಗೆ ಭಂಕೂರಿಗೆ ಹೋದೆ. ಮೇಸ್ತ್ರಿ ಒಳಗೆ ಮಲಗಿದ್ದರು. ಅಂಗಳದಲ್ಲಿ, ಬಟ್ಟೆ ಒಗೆಯುವುದಕ್ಕೆಂದು ಎತ್ತರಿಸಿ ಹಾಕಿದ ಒಂದು ದೊಡ್ಡ ಹಾಸುಗಲ್ಲು. ಅದರ ಮೇಲೆ ಟಾರ್ಚಿನ ಎರಡು ದಪ್ಪ ಸೆಲ್, ರೇಡಿಯೋದ ನಾಲ್ಕು ಸೆಲ್, ಅವುಗಳ ಪಕ್ಕದಲ್ಲಿ ನನ್ನ ಕಪ್ಪು ಡಬ್ಬಿ, ಮುಚ್ಚಳ ತೆಗೆದದ್ದು. ಎಲ್ಲವೂ ಒಂದೇ ಸಾಲಿನಲ್ಲಿ, ಸೂರ್ಯನ ಕಡೆ ಮುಖ ಮಾಡಿ. ಕಲ್ಲಿಗೆ ಬೆರಳು ತಾಗಿಸಿ ತಕ್ಷಣ ತೆಗೆದೆ.

“ಬರ್ರಿ, ನೆಳ್ಳಿಗಿ ಕುಂದ್ರಿ,” ಎಂದರು ಮೇಸ್ತ್ರಿಯ ಹೆಂಡತಿ. ನೀರು ತಂದುಕೊಟ್ಟರು. ನಾನು ಡಬ್ಬಿಯನ್ನೇ ನೋಡುತ್ತಿರುವುದನ್ನು ಕಂಡು ಅವರಿಗೆ ಸಂತೋಷವಾಯಿತು. “ದಿನಾ ಇಡ್ತೀನ್ರಿ. ರಾತ್ರಿ ನಿಮ್ಮ ಮಶೀನಿಗಿ ಹಚ್ಚತೀನಿ, ಮಧ್ಯಾಹ್ನ ಬಿಸಲಿಗಿ ಇಡ್ತೀನಿ. ಒಂದ ದಿನಾನೂ ತಪ್ಪಿಸಿಲ್ಲ.”

“ಬಿಸಿಲಿಗೆ ಯಾಕೆ?” ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. “ಸೆಲ್ ಬಿಸಲಿಗಿ ಇಟ್ರ ಜೀವಾ ಬರ್ತದಲ್ರಿ. ಅತ್ತಿ ಕಾಲದಿಂದ ರೇಡಿಯೋ ಸೆಲ್ ಹಿಂಗೇ ಇಡ್ತೀವಿ. ನಿಮ್ಮ ಕಡಿ ಇಡಂಗಿಲ್ಲೇನು?”

ಇಡುತ್ತೇವೆ. ಸೇಡಮ್ಮಿನ ನಮ್ಮ ಮನೆಯ ಕಿಟಕಿಯಲ್ಲೂ ಟಾರ್ಚಿನ ಸೆಲ್ ಬಿಸಿಲು ಕಾಯುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆದರೆ ನಿಕಲ್ ಸೆಲ್ಲಿಗೆ ಆ ಸುಡುವ ಕಲ್ಲು ವಿಷ. ತುಂಬಿದ ಚಾರ್ಜು ಒಳಗೇ ಸೋರಿಹೋಗುತ್ತದೆ, ಕ್ರಮೇಣ ಅಂಚು ಬಿರಿಯುತ್ತದೆ. ಹನ್ನೆರಡು ಗಂಟೆಯಲ್ಲಿ ಒಂಬತ್ತು ಕಳೆದರೆ ಉಳಿಯುವ ಮೂರು ಗಂಟೆಯ ಅಂತರವನ್ನು ಈ ಹಾಸುಗಲ್ಲು ತಿನ್ನುತ್ತಿತ್ತು. ಮನೆಗೆ ಹೋಗಿಯೂ ಸೆಲ್ ಬದುಕಿದ ಕೆಲವು ದಿನಗಳ ಕಾರಣ ಮಾತ್ರ ಆಗಲೂ ತಿಳಿಯಲಿಲ್ಲ. ಮೋಡವಿದ್ದಿರಬಹುದು. ಮೋಡಕ್ಕೂ ಕಾಲಂ ಇರಲಿಲ್ಲ.

ಬಿಸಿಲಿಗೆ ಇಡಬೇಡಿ ಎನ್ನುವ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ಅವರು ಕೇಳುತ್ತಿದ್ದರು. ಆದರೆ ಒಂದು ದಿನ ಅವರು ಊರಲ್ಲಿಲ್ಲದಾಗ ಇನ್ನಾರೋ ಪ್ರೀತಿಯಿಂದಲೇ ಕಲ್ಲಿನ ಮೇಲಿಟ್ಟರೆ, ಅಂದು ನಾಲ್ಕು ಗಂಟೆಗೆ ಹಳಿಯ ಮೇಲೆ ಗಾಡಿ ಬರುತ್ತದೆ. ಈ ಮನೆಯಲ್ಲಿ ಎಲ್ಲ ಸೆಲ್ಲೂ ಬಿಸಿಲಿಗೆ ಹೋಗುತ್ತವೆ. ಹೋಗಿ ಬದುಕಿ ಬರುವ ಸೆಲ್ಲನ್ನೇ ನಾನು ಆರಿಸಬೇಕು. ಅಂಥದು ಕಲ್ಲಿನ ಮೇಲೆ ಕಣ್ಣೆದುರಿಗೇ ಇತ್ತು: ಊರಿನ ಯಾವ ಅಂಗಡಿಯಲ್ಲಾದರೂ ಸಿಗುವ ಸಾದಾ ಸೆಲ್. ಅದರ ಸಣ್ಣ ಪೆನ್ಸಿಲ್ ಜಾತಿಯನ್ನು ನಾನು ಎರಡು ತಿಂಗಳ ಹಿಂದೆಯೇ ಇಪ್ಪತ್ತು ಗ್ರಾಂ ಎಂದು ಹೊಡೆದುಹಾಕಿದ್ದೆ.

ಹನ್ನೊಂದು ಗ್ರಾಂ ಹೆಚ್ಚು. “ಕೈಗೆ ಭಾರವಾಗುತ್ತದೆ,” ಎಂದೆ, ಅವರಿಗಿಂತ ಹೆಚ್ಚಾಗಿ ನನಗೇ.

“ಕೈಗೇ ಯಾಕ ಕಟ್ಟತೀರಿ?” ಎಂದರು ಅವರು. “ಮಶೀನ್ ಹಿಡ್ಯೂ ಕೈ ಮೊದಲೇ ಗಡಗಡ ನಡಗ್ತಿರ್ತದ. ಉಡದಾರಕ್ಕ ಕಟ್ರಿ. ಟ್ರಂಕಿನ ಕೀಲಿ ಅಲ್ಲೇ ಇರ್ತದ, ಇದೇನ್ ಭಾರಾ?”

ನಾನು ನೋಟ್‌ಬುಕ್ಕು ತೆಗೆದು ಹಿಂದಿನ ಪುಟಗಳನ್ನು ತಿರುವಿದೆ. ಗಂಡಸರು ಸೊಂಟಕ್ಕೆ ಕಟ್ಟುವ ದಾರ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮೈಮೇಲೆ ಧರಿಸುವ ಯಂತ್ರವೆಂದರೆ ಗಡಿಯಾರದ ಜಾಗ ಎಂದು ನಾನು ಯಾವಾಗ ನಿಶ್ಚಯಿಸಿದೆನೋ, ಅದರ ಬಗ್ಗೆ ಒಂದು ಸಾಲೂ ನೋಟ್‌ಬುಕ್ಕಿನಲ್ಲಿರಲಿಲ್ಲ. ಮೂವತ್ತೊಂದು ಗ್ರಾಂ ಮುಂಗೈಯ ಲೆಕ್ಕ. ಸೊಂಟವನ್ನು ನಾನು ಕೇಳಿಯೇ ಇರಲಿಲ್ಲ. ಅಂದು ಬರೆಯುವಾಗಲೂ ಸಂಕೋಚವಾಗಿ ‘ಸ್ಥಳ ಬದಲಾವಣೆ’ ಎಂದಷ್ಟೇ ಬರೆದೆ.

ಮುಂದಿನದು ಒಂದು ವಾರದ ಕೆಲಸ. ಎರಡು ಸಣ್ಣ ಪೆನ್ಸಿಲ್ ಸೆಲ್, ಒಟ್ಟು ನಲವತ್ತೆರಡು ಗ್ರಾಂ. ಕೆಲಸ ಕೊಟ್ಟೇ ಅಳೆದೆ. ದಿನಕ್ಕೆ ಒಂಬತ್ತು ಗಂಟೆಯಂತೆ ಹತ್ತು ದಿನ ಬರುತ್ತಿತ್ತು. ಹತ್ತನೆಯ ದಿನದವರೆಗೆ ಕಾಯುವುದು ಬೇಡವೆಂದು ನಿಯಮ ಮಾಡಿದೆ. ಪ್ರತಿ ಸೋಮವಾರ, ಸತ್ತಿರಲಿ ಬಿಡಲಿ, ಎರಡೂ ಹೊಸ ಸೆಲ್. ಹಳೆಯವು ಮನೆಯ ರೇಡಿಯೋಕ್ಕೆ. ಪ್ರತಿದಿನ ಮುಂಜಾನೆ ಮತ್ತು ಊಟದಿಂದ ಬಂದ ಕೂಡಲೆ ಒಂದು ಸಲ ಗುಂಡಿ ಒತ್ತಿ ನೋಡದೆ ಗಾಡಿ ಬಿಡುವಂತಿಲ್ಲ.

ಕೊನೆಯ ಪರೀಕ್ಷೆಯ ದಿನ ಆಕಾಶ ಕಪ್ಪಾಗಿತ್ತು. ಹಳಿಗಳು ಮುಗಿದಿದ್ದವು. ಮೇಸ್ತ್ರಿ ಗೋಡೆಯ ಕಡೆ ಮುಖಮಾಡಿ ಅಂಚು ತಿಕ್ಕಲು ಕೂತರು. ಗಾಡಿ ತಳ್ಳುವ ಇಬ್ಬರನ್ನು ಬಿಟ್ಟು ಉಳಿದ ಆಳುಗಳನ್ನೂ ಗೋಡೆಯ ಕಡೆ ತಿರುಗಿಸಿದೆ. ಅವರ ಮುಖದಿಂದಲೂ ಸುದ್ದಿ ಹೋಗಬಾರದು. “ಸಾಲಿ ಮಾಸ್ತರ್ ನಿಂದ್ರಿಸಿದ್ಹಂಗ ನಿಂದ್ರಿಸ್ಯಾರಲೇ,” ಎಂದು ಒಬ್ಬ ಗೊಣಗಿದ. ಮಾಲಕರಿಗೆ ಯಾವಾಗ ಬೇಕಾದರೂ ಒತ್ತಿರಿ, ಬೇಡವೆನಿಸಿದರೆ ಒತ್ತಬೇಡಿ ಎಂದಿದ್ದೆ. ನಾನೂ ಬೆನ್ನು ತಿರುಗಿಸಿ ನಿಂತೆ.

ಯಂತ್ರದ ಸದ್ದು ಬಿಟ್ಟು ಬೇರೇನೂ ಇಲ್ಲ. ಬಹಳ ಹೊತ್ತಾಯಿತು. ಒತ್ತಿದ್ದಾರೋ ಇಲ್ಲವೋ, ಸೆಲ್ ಸತ್ತಿದೆಯೋ, ಮೋಟರಿನ ತಂತಿ ಕಿತ್ತಿದೆಯೋ ಏನೂ ತಿಳಿಯುವಂತಿರಲಿಲ್ಲ. ಆಮೇಲೆ ಮೇಸ್ತ್ರಿಯ ಯಂತ್ರ ನಿಂತಿತು. ಹಳಿಯ ಮೇಲೆ ಗಾಡಿ ಉರುಳಿದ ಸದ್ದು ಬಂತು. ತಿರುಗಿ ನೋಡಿದೆ. ಮೇಸ್ತ್ರಿ ಎದ್ದು ಹಳಿಯಿಂದ ಎರಡು ಹೆಜ್ಜೆ ಆಚೆ ನಿಂತಿದ್ದರು. ಮುಖ ಇನ್ನೂ ಗೋಡೆಯ ಕಡೆಗೇ ಇತ್ತು. ಹಾಸುಗಲ್ಲು ಅವರು ಕೂತಿದ್ದ ಜಾಗದ ಪಕ್ಕದಲ್ಲಿ ಹಾದುಹೋಯಿತು.

ಮಾಲಕರು ಇನ್ನೂ ಒಂಬತ್ತು ಸಲ ಒತ್ತಿದರು. ನಡುವೆ ಎರಡು ಸಲ ಒತ್ತಿದಂತೆ ನಟಿಸಿ ಹುಬ್ಬು ಏರಿಸಿದರು. ಆ ಎರಡು ಸಲ ಮಾತ್ರ ಮೇಸ್ತ್ರಿ ಏಳಲಿಲ್ಲ.

ಹುಬ್ಬಿನ ಗುಟ್ಟನ್ನು ನಾನು ಹೇಳಿರಲಿಲ್ಲ. ಮಾಲಕರು ನನ್ನ ಕಡೆ ನೋಡಿ, “ಮೂವತ್ತು ವರ್ಷದಿಂದ ನೋಡ್ಲಿಕತ್ತೀನ್ರಿ ಅವರನ್ನ,” ಎಂದರು ಅಷ್ಟೆ. ಆಳನ್ನು ಕರೆದು ಗೇಟಿನ ಕುರ್ಚಿಯನ್ನು ಆಫೀಸಿಗೆ ತರಲು ಹೇಳಿದರು.

“ಹೊಟ್ಟ್ಯಾಗ ಗುಬ್ಬಿ ಹಾರಿದ್ಹಂಗ ಆಗ್ತದ್ರಿ ಮೇಡಮ್ಮಾರ,” ಎಂದು ಮೇಸ್ತ್ರಿ ಕೂಗಿ ಹೇಳಿದರು. ಇಡೀ ಕಾರ್ಖಾನೆ ನನ್ನತ್ತ ತಿರುಗಿತು. ನಾನು ಚೀಲ ತೆಗೆದುಕೊಂಡು ಹೊರಟೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬಿಡಿ ಮೋಟರೊಂದನ್ನು ಕೊಡಲು ಭಂಕೂರಿಗೆ ಹೋಗಿದ್ದೆ. ಬೇಸಿಗೆಯ ಬಿಡುವು ಮುಗಿದಿತ್ತು, ಮೇಸ್ತ್ರಿ ಕೆಲಸದಲ್ಲಿದ್ದರು. ಹಾಸುಗಲ್ಲಿನ ಮೇಲೆ ಸಾಲಾಗಿ ಸೆಲ್ ಇದ್ದವು. ಕೊನೆಯ ಎರಡು ಸಣ್ಣವು, ಹಿಂದಿನ ಸೋಮವಾರ ಡಬ್ಬಿಯಿಂದ ತೆಗೆದವು.

“ಬಿಸಲಿಗಿ ಇಟ್ರ ಇನ್ನೂ ನಾಕ ದಿನ ಹಾಡ್ತಾವ್ರಿ,” ಎಂದು ಮೇಸ್ತ್ರಿಯ ಹೆಂಡತಿ ಹೇಳಿ ನೀರು ತರಲು ಒಳಗೆ ಹೋದರು.

ಆ ಮಾತನ್ನು ನಾನು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಿದ್ದೆ. ಬಳಸಿದ ನಾಲ್ಕು ಸೆಲ್ ಬಿಸಿಲಿಗೆ, ನಾಲ್ಕು ನೆರಳಿಗೆ. ಬಿಸಿಲಿನಲ್ಲಿದ್ದವು ಮೊದಲ ಅರ್ಧ ಗಂಟೆ ಹೆಚ್ಚು ಕೊಟ್ಟವು. ಆಮೇಲೆ ಅವುಗಳಲ್ಲಿ ಒಂದು ಬೇಗ ಸತ್ತಿತು, ಮೂರು ನೆರಳಿನವುಗಳ ಜೊತೆಗೇ ಸತ್ತವು. ಎರಡನೆಯ ಸಲ ಮಾಡಿದಾಗ ಬೇರೆ ಫಲಿತಾಂಶ ಬಂತು. ಏನು ಬರೆಯಬೇಕೆಂದು ತಿಳಿಯದೆ ಆ ಪುಟವನ್ನು ಹಾಗೆಯೇ ಬಿಟ್ಟಿದ್ದೇನೆ.

ಗೋಡೆಯ ನೆರಳು ಕಲ್ಲಿನ ಮೇಲೆ ಬಂದು ಸಣ್ಣ ಸೆಲ್ ಎರಡನ್ನೂ ಮುಟ್ಟಿತ್ತು. ಅವರು ಹೊರಗೆ ಬರುವುದರೊಳಗೆ ಅವನ್ನು ಒಂದು ಗೇಣು ಬಿಸಿಲಿಗೆ ಸರಿಸಿದೆ.